ಇಂಟರ್ನ್‌ಶಿಪ್ ಸಿಕ್ಕಿದ್ದು ಹೆಂಗೆ, ಅದಕ್ಕೆ ದುಡ್ಡು ಹೊಂದಿಸಿದ್ದು ಹೆಂಗೆ – ನನ್ನ ಅನುಭವ

ನಮ್ಮ ಕಾಲೇಜಿನ ಜೂನಿಯರ್ಸ್ ಸಿಕ್ಕಾಗೆಲ್ಲ ಕೇಳೋದು ಒಂದೇ, "ಅಕ್ಕ, ಬೆಂಗಳೂರಲ್ಲಿ ಇಂಟರ್ನ್‌ಶಿಪ್‌ಗೆ ಎಷ್ಟು ಕಟ್ಟಿದ್ರಿ?" ಅಂತ. ನಾನು ಒಂದು ರೂಪಾಯಿನೂ ಕಟ್ಟಿಲ್ಲ ಕಣ್ರೋ, ಅವರೇ ನನಗೆ ತಿಂಗಳಿಗೆ 10,000 ಕೊಟ್ರು. ದುಡ್ಡು ಕಟ್ಟಿದ್ರೇನೇ ಇಂಟರ್ನ್‌ಶಿಪ್ ಅನ್ನೋ ಹಂಗಾಗಿದೆ ಈಗ. ನನ್ನ ಕ್ಲಾಸ್‌ಮೇಟ್ ಒಬ್ಳು 6,000 ಕಟ್ಟಿ ಒಂದು ತಿಂಗಳ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿದ್ಲು, ಸಿಕ್ಕಿದ್ದು ನಾಲ್ಕು ರೆಕಾರ್ಡ್ ಮಾಡಿದ ವಿಡಿಯೋ, ಒಂದು ಸರ್ಟಿಫಿಕೇಟ್ ಪಿಡಿಎಫ್. ಅವರಪ್ಪ ಆ ದುಡ್ಡು ಎಲ್ಲಿಂದ ತಂದ್ರು ಅಂತ ನನಗೆ ಗೊತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಾನು ಪಾವಗಡ ಕಡೆಯೋಳು, ಸರ್ಕಾರಿ ಕಾಲೇಜಲ್ಲಿ ಬಿಎಸ್ಸಿ. ಮೊದಲ ವರ್ಷ ಏಪ್ರಿಲ್‌ನಲ್ಲಿ ಹುಡುಕೋಕೆ ಕೂತೆ, ಅದೇ ತಪ್ಪಾಗಿದ್ದು, ಬೇಸಿಗೆ ಇಂಟರ್ನ್‌ಶಿಪ್ ಬೇಸಿಗೆಲಿ ಹುಡುಕಿದ್ರೆ ಎಲ್ಲ ಮುಗಿದೋಗಿರುತ್ತೆ. ಬೆಂಗಳೂರು, ದೆಹಲಿ, ಪ್ರಯಾಗರಾಜದ ಮೂರು ಸೈನ್ಸ್ ಅಕಾಡೆಮಿ ಸೇರಿ ಕೊಡೋ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ, ಎರಡು ತಿಂಗಳದ್ದು, ನಾನು ನೋಡಿದಾಗ ತಿಂಗಳಿಗೆ 12,500 ಪ್ಲಸ್ ಸ್ಲೀಪರ್ ಕ್ಲಾಸ್ ಟ್ರೇನ್ ಚಾರ್ಜು. ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ಸಂಶೋಧನಾ ಸಂಸ್ಥೆದೂ ಅಂಥದ್ದೇ ಒಂದಿದೆ. ಇವಕ್ಕೆಲ್ಲ ಹಿಂದಿನ ಚಳಿಗಾಲದಲ್ಲೇ ಅರ್ಜಿ ಹಾಕಿರಬೇಕು. ಪಿಯುಸಿಲಿ ಬೋರ್ಡಿನ ಟಾಪ್ 1% ಒಳಗೆ ಬಂದು ಬಿಎಸ್ಸಿ ಸೇರಿರೋರು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ನೋಡಿ, ವರ್ಷಕ್ಕೆ 60,000 ಅಷ್ಟೇ ಅಂತ ಎಲ್ರೂ ಅನ್ಕೊಂಡಿರ್ತಾರೆ, ಬೇಸಿಗೆ ಪ್ರಾಜೆಕ್ಟ್‌ಗೆ ಅಂತ್ಲೇ ಇನ್ನೂ 20,000 ಅದ್ರಲ್ಲಿದೆ.

ಎರಡನೇ ವರ್ಷ ನನಗೆ ಇನ್ನೊಂದು ತೊಂದರೆ ಬಂತು. ನಮ್ಮ ಯೂನಿವರ್ಸಿಟಿ ಪರೀಕ್ಷೆ ಜುಲೈವರೆಗೂ ಎಳೀತು, ಈ ಪ್ರೋಗ್ರಾಂಗಳೆಲ್ಲ ಮೇ-ಜೂನ್‌ಗೇ ಶುರು. ಅದಕ್ಕೆ ಲ್ಯಾಬ್‌ಗಳಿಗೆ ನೇರವಾಗಿ ಮೇಲ್ ಮಾಡೋದು ಅಂತ ಡಿಸೈಡ್ ಮಾಡಿದೆ. ನಮ್ಮಂಥ ಕಾಲೇಜಿನೋರಿಗೆ ಇದೇ ಒಳ್ಳೇದು ಅಂತ ಈಗಲೂ ಹೇಳ್ತೀನಿ, ಯಾಕಂದ್ರೆ ತಾರೀಖು ಹಿಂದೆ ಮುಂದೆ ಮಾಡಿ ಅಂತ ಕೇಳಬಹುದು.

ಒಟ್ಟು 43 ಮೇಲ್ ಕಳಿಸಿದೀನಿ. ಮೊದಲ 28ರಲ್ಲೂ ಅದೇ ಸಾಲು, "ಐ ಆಮ್ ವೆರಿ ಮಚ್ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಇನ್‌ಸ್ಟಿಟ್ಯೂಶನ್", ಸೀನಿಯರ್ ಒಬ್ರ ಮೇಲ್ ಕಾಪಿ ಮಾಡಿ ಹೆಸರು ಬದಲಾಯಿಸಿದ್ದು. ಒಂದಕ್ಕೂ ಉತ್ತರ ಇಲ್ಲ. ಆಮೇಲೆ ನಮ್ಮ ಕೆಮಿಸ್ಟ್ರಿ ಮೇಡಂ ಹೇಳಿದ್ರು, ನಿನಗೆ ನಿಜವಾಗಿ ಗೊತ್ತಿರೋದು ಏನಿದೆ ಅದನ್ನ ಬರಿ ಅಂತ. ನನಗೆ ಗೊತ್ತಿದ್ದಿದ್ದು ನಮ್ಮೂರ ಬೋರ್‌ವೆಲ್ ನೀರು. ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ, ನಮ್ಮ ಕಡೆ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ ನೋಡಿದ್ರೆ ಸಾಕು, ದಾಟಿದೆ ಅಂತ ಗೊತ್ತಾಗುತ್ತೆ, ನಮ್ಮಜ್ಜಿಗೆ ಬೆನ್ನು ನೆಟ್ಟಗೆ ಮಾಡೋಕೇ ಆಗ್ತಿರಲಿಲ್ಲ. ನೀರಿಂದ ಫ್ಲೋರೈಡ್ ತೆಗೆಯೋ ಫಿಲ್ಟರ್ ಬಗ್ಗೆ ಕೆಲಸ ಮಾಡೋ ಬೆಂಗಳೂರಿನ ಒಬ್ಬ ಸರ್ ಬರೆದ ರಿಸರ್ಚ್ ಪೇಪರ್ ತಗೊಂಡು ಮೂರು ದಿನ ಕೂತು ಓದಿದೆ, ಅರ್ಧ ಅರ್ಥ ಆಗಲಿಲ್ಲ, ಆದ್ರೂ ಒಂದು ವಿಷಯ ಕಣ್ಣಿಗೆ ಬಿತ್ತು. ಅವರು ಟೆಸ್ಟ್ ಮಾಡಿದ್ದು ಲ್ಯಾಬಲ್ಲೇ ಫ್ಲೋರೈಡ್ ಬೆರೆಸಿದ ನೀರಲ್ಲಿ. ನಾನು ಎಂಟೇ ಸಾಲು ಬರೆದೆ: ಇಂಥ ಊರು, ಇಂಥ ನೀರು, ನಮ್ಮ ನೀರಲ್ಲಿ ಬೈಕಾರ್ಬೊನೇಟ್ ಅನ್ನೋ ಲವಣ ಕೂಡ ಜಾಸ್ತಿ ಇರುತ್ತಲ್ಲ ಸರ್, ಆಗಲೂ ನಿಮ್ಮ ಫಿಲ್ಟರ್‌ಗೆ ಹಾಕೋ ಅಲ್ಯುಮಿನಾ ಅಷ್ಟೇ ಫ್ಲೋರೈಡ್ ಹೀರುತ್ತಾ? ಪರೀಕ್ಷೆ ಮುಗಿಯೋದು ಇಂಥ ದಿನ, ಎಂಟು ವಾರ ಬರಬಹುದಾ, ಸ್ಟೈಪೆಂಡ್ (ತಿಂಗಳ ಭತ್ಯೆ) ಏನಾದ್ರೂ ಇದೆಯಾ. ಕೊನೆ ಪ್ರಶ್ನೆ ಕೇಳೋಕೆ ನಾಚಿಕೆ ಆಗಿತ್ತು, ಮೇಡಂ ಬಲವಂತವಾಗಿ ಹಾಕಿಸಿದ್ರು. ಎರಡನೇ ದಿನ ಉತ್ತರ ಬಂತು, ಅಷ್ಟು ಹೀರಲ್ಲ, ಎಷ್ಟು ಕಮ್ಮಿ ಅಂತ ನೀನೇ ಬಂದು ಅಳೆದು ನೋಡು, ಪ್ರಾಜೆಕ್ಟ್ ದುಡ್ಡಲ್ಲಿ ತಿಂಗಳಿಗೆ 10,000 ಕೊಡಬಹುದು ಅಂತ.

ಈಗ ದುಡ್ಡಿನ ವಿಷಯ. ಸ್ಟೈಪೆಂಡ್ ಇದೆ ಅಂದ್ರೆ ಹೋದ ದಿನವೇ ಕೈಗೆ ಬರಲ್ಲ, ಯಾರೂ ಇದನ್ನ ಮೊದಲೇ ಹೇಳಲ್ಲ. ಪಿಜಿ ಅಡ್ವಾನ್ಸ್ 5,000, ಮೂರು ಜನದ ರೂಮು ಊಟ ಸೇರಿ 6,500, ಕೈಖರ್ಚಿಗೆ ಒಂದೂವರೆ ಸಾವಿರ, ಅಲ್ಲಿಗೆ 13,000 ಮೊದಲ ದಿನವೇ ಬೇಕು. ಅಮ್ಮ ನಾಲ್ಕು ತಿಂಗಳ ಗೃಹಲಕ್ಷ್ಮಿ ದುಡ್ಡು ಹಂಗೇ ಇಟ್ಟಿದ್ರು, 8,000, ಉಳಿದ 5,000 ಸಂಘದಲ್ಲಿ ಸಾಲ ತೆಗೆದ್ರು. ಬಸ್ಸಿಗೆ ಖರ್ಚಿಲ್ಲ, ಶಕ್ತಿ ಯೋಜನೆ, ಆಧಾರ್ ತೋರಿಸಿದ್ರೆ ಆಯ್ತು. ಐದು ಲೀಟರ್ ಕ್ಯಾನಲ್ಲಿ ನಮ್ಮೂರ ನೀರು ತುಂಬಿಸ್ಕೊಂಡು ತೊಡೆ ಮೇಲೆ ಇಟ್ಕೊಂಡೇ ಹೋದೆ, ಕಂಡಕ್ಟರಣ್ಣ "ಬೆಂಗಳೂರಲ್ಲಿ ನೀರಿಲ್ವೇನಮ್ಮ" ಅಂದ್ರು.

ಮೊದಲ ತಿಂಗಳ ಸ್ಟೈಪೆಂಡ್ ನಿಂತೋಯ್ತು, ತಪ್ಪು ನನ್ನ ಕಡೆದೇ. ಮಾರ್ಕ್ಸ್ ಕಾರ್ಡಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ ಇದೆ, ಪಾಸ್‌ಬುಕ್ಕಲ್ಲಿ ಇನಿಷಿಯಲ್ಲೇ ಇಲ್ಲ, ಅದ್ರ ಮೇಲೆ ಅಕೌಂಟಿನ ಕೆವೈಸಿ (ಬ್ಯಾಂಕಿಗೆ ಕೊಡೋ ಗುರುತಿನ ದಾಖಲೆ) ಅವಧಿನೂ ಮುಗಿದೋಗಿತ್ತು. ಒಂದು ದಿನ ರಜೆ ಹಾಕಿ ಊರಿನ ಬ್ರಾಂಚಿಗೆ ಬಂದು ಸರಿ ಮಾಡಿಸಿದೆ. ಅಷ್ಟರಲ್ಲಿ ಎರಡನೇ ತಿಂಗಳ ಬಾಡಿಗೆ ದಿನ ಬಂತು, ಮೇಡಂಗೆ ಫೋನ್ ಮಾಡಿ ಅತ್ತೇ ಬಿಟ್ಟೆ, ಅವರು ಹತ್ತು ನಿಮಿಷದಲ್ಲಿ 7,000 ಫೋನ್‌ಪೇ ಮಾಡಿದ್ರು. ಎರಡೂ ತಿಂಗಳದ್ದು ಒಟ್ಟಿಗೆ 20,000 ಬಂದಿದ್ದು ನಾನು ಊರಿಗೆ ವಾಪಸ್ ಬಂದ ಮೇಲೆ. ಮೊದಲು ಮೇಡಂದು, ಆಮೇಲೆ ಸಂಘದ್ದು ತೀರಿಸಿ, ಉಳಿದಿದ್ದು ಅಮ್ಮನ ಕೈಗೆ ಕೊಟ್ಟೆ.

ಈ ಸಲ ಅರ್ಜಿ ಹಾಕೋರು ಇವತ್ತೇ ಪಾಸ್‌ಬುಕ್, ಆಧಾರ್, ಮಾರ್ಕ್ಸ್ ಕಾರ್ಡ್ ಮೂರನ್ನೂ ಪಕ್ಕ ಇಟ್ಕೊಂಡು ಹೆಸರು ನೋಡ್ಕೊಳಿ. ಮೇಲ್ ಬರೆದಿದ್ರೆ ಕಳಿಸೋಕೆ ಮೊದಲು ನನಗೆ ತೋರಿಸಿ, ಭಾನುವಾರ ಊರಲ್ಲೇ ಇರ್ತೀನಿ, ಕೂತು ಇಬ್ರೂ ಸರಿ ಮಾಡೋಣ.