ಕೋಡಂಗಿಗೆ ಸ್ನಾನ ಮಾಡಿಸಬೇಡಿ

ಕಳೆದ ನವರಾತ್ರಿಗೆ ತಂಗಿಯ ಮಗಳ ಮನೆಗೆ ಹೋಗಿದ್ದೆ. ಗೊಂಬೆ ಕೂರಿಸುವ ಸಡಗರ. ಹುಡುಗಿ ನಮ್ಮಮ್ಮನ ಕಾಲದ ಚನ್ನಪಟ್ಟಣದ ಜೋಕರ್ ಗೊಂಬೆಯನ್ನು ಹಿಡಿದು, ಕೈಗೆ ಹಚ್ಚುವ ಸ್ಯಾನಿಟೈಸರ್ ಸುರಿದು ತಿಕ್ಕುತ್ತಿದ್ದಳು. ನಾನು ಅಯ್ಯೋ ಎನ್ನುವಷ್ಟರಲ್ಲಿ ಟೋಪಿಯ ಕೆಂಪೆಲ್ಲ ಬಟ್ಟೆಗೆ ಬಂದಿತ್ತು. “ಕ್ರಿಮಿ ಹೋಗಲಿ ಎಂದು ಒರೆಸಿದೆ ದೊಡ್ಡಮ್ಮ” ಎಂದಳು. ಕ್ರಿಮಿ ಹೋಯಿತೋ ಇಲ್ಲವೋ, ಟೋಪಿಯಂತೂ ಹೋಯಿತು.

ಹಳೆಯ ಗೊಂಬೆ ಕೂಡಿಡುವ ಹುಚ್ಚು ಈಗ ಎಲ್ಲರಿಗೂ ಹತ್ತಿದೆ, ಸಂತೋಷ. ಆದರೆ ಅದು ಯಾವುದರಿಂದ ಆಗಿದೆ ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಹಾಲೆ ಮರ. ಅದರ ಮೇಲಿರುವುದು ಪೇಂಟ್ ಅಲ್ಲ, ಅರಗು. ಕಡೆಯುವ ಯಂತ್ರದಲ್ಲಿ ಮರ ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕಾವಿಗೆ ಹತ್ತಿದ್ದು ಕಾವಿಗೇ ಮೆತ್ತಗಾಗುತ್ತದೆ, ಆದ್ದರಿಂದ ದೀಪದ ಪಕ್ಕ ಬೇಡ, ಕಿಟಕಿಯ ಬಿಸಿಲೂ ಬೇಡ. ಸ್ಪಿರಿಟ್ ತಾಗಿದರೆ ಅರಗು ಕರಗಿಯೇ ಹೋಗುತ್ತದೆ. ಸ್ಯಾನಿಟೈಸರ್ ಎಂದರೆ ಮತ್ತೇನು?

ಕೊಪ್ಪಳದ ಕಡೆಯ ಕಿನ್ನಾಳದ ಗೊಂಬೆಯದು ಬೇರೆ ಜಾತಿ. ಹಗುರ ಮರ, ಹುಣಸೆಬೀಜದ ಅಂಟು, ಅದರ ಮೇಲೆ ಬಣ್ಣ. ಒದ್ದೆ ಬಟ್ಟೆ ಇಟ್ಟರೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಇದಕ್ಕೆ ಮೆತ್ತನೆಯ ಒಣ ಬ್ರಷ್, ಅಷ್ಟೇ. ತೊಗಲು ಗೊಂಬೆಯನ್ನಂತೂ ನೀರಿನ ಹತ್ತಿರಕ್ಕೂ ಒಯ್ಯಬೇಡಿ. ನನ್ನಲ್ಲಿ ಒಬ್ಬ ಕಿಳ್ಳೇಕ್ಯಾತನಿದ್ದಾನೆ, ತೊಗಲು ಗೊಂಬೆಯಾಟದ ಕೋಡಂಗಿ. ಕರಿ ಮೈ, ಗುಂಗುರು ಕೂದಲು. ಹೆಂಡತಿ ಬಂಗಾರಕ್ಕನೂ ಇದ್ದಾಳೆ. ಮಳೆಗಾಲದ ತೇವಕ್ಕೆ ಇಬ್ಬರೂ ಸುರುಟಿಕೊಂಡರೆಂದು ಒಮ್ಮೆ ನನ್ನ ಸೊಸೆ ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿಕೊಂಡು ಬಂದಿದ್ದಳು! ಎರಡು ಹತ್ತಿ ಬಟ್ಟೆಗಳ ನಡುವೆ ಮಲಗಿಸಿ ಮೇಲೊಂದು ಹಗುರ ಹಲಗೆ ಇಡಿ, ಕೆಲವು ದಿನ ಸುಮ್ಮನಿರಿ.

ಇನ್ನು ಸುತ್ತಿಡುವ ವಿಷಯ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ದಿನಪತ್ರಿಕೆ ಬೇಡ, ಅದರ ಮಸಿ ಗೊಂಬೆಯ ಕೆನ್ನೆಗೆ ಮೆತ್ತಿಕೊಳ್ಳುತ್ತದೆ. ಬೇಕಾದ್ದು ಹಳೆಯ ಪಂಚೆ. ಹೊಸದಲ್ಲ, ಒಗೆದೊಗೆದು ಮೆತ್ತಗಾಗಿ, ಕೆನ್ನೆಗೆ ಒತ್ತಿಕೊಂಡರೆ ಬಾಳೆಯ ಸುಳಿಯಂತಿರಬೇಕು. ಗಂಜಿ ಹಾಕಿದ್ದು ಬೇಡವೇ ಬೇಡ, ಹುಳಕ್ಕೆ ಊಟಕ್ಕೆ ಕರೆದ ಹಾಗೆ. ಅಂಚು ಕತ್ತರಿಸಿ ತೆಗೆಯಿರಿ, ಅದು ಗೀರುತ್ತದೆ. ಬಿಸಿಲಿಗೆ ಒಣಗಿಸಿದ ಮೇಲೆ ನೆರಳಿನಲ್ಲಿ ಪೂರ್ತಿ ಆರಲಿ.

ಗೊಂಬೆಯಲ್ಲಿ ಮೊದಲು ಹೋಗುವುದು ಮೂಗು. ಆದ್ದರಿಂದ ಒಂದು ಪಟ್ಟಿಯನ್ನು ದಪ್ಪ ಬತ್ತಿಯ ಹಾಗೆ ಹೊಸೆದು ಕುತ್ತಿಗೆಗೆ ಮಫ್ಲರ್‌ನಂತೆ ಸುತ್ತಿ. ಆ ಸುತ್ತು ಮೂಗಿಗಿಂತ ತುಸು ಮುಂದಕ್ಕೆ ಬರಬೇಕು. ಹಣೆಗೂ ಇನ್ನೊಂದು, ಸಣ್ಣದು. ಈಗ ಅಂಗೈಯನ್ನು ಮುಖದ ಮೇಲೆ ಅಡ್ಡ ಇಟ್ಟು ನೋಡಿ. ಕೈಗೆ ಬಟ್ಟೆ ತಾಗಬೇಕು, ಮೂಗು ತಾಗಬಾರದು. ತಾಗಿದರೆ ಬಿಚ್ಚಿ ಮತ್ತೆ ಸುತ್ತಿ, ಸೋಮಾರಿತನ ಮಾಡಬೇಡಿ. ಜೋಕರ್ ಕೈ ಚಾಚಿ ನಿಂತಿದ್ದರೆ ಕಂಕುಳಿಗೂ ಬಟ್ಟೆಯ ಉಂಡೆ ಇಡಿ. ಆಮೇಲೆ ಬಾಣಂತಿ ಕೋಣೆಯಲ್ಲಿ ಕೂಸನ್ನು ಸುತ್ತಿದಂತೆ: ತಲೆಯ ಮೇಲೊಂದು ಮೂಲೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನೂಲಿನಿಂದ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕಿದರೆ ವರ್ಷದೊಳಗೆ ಅದು ಅಂಟಾಗಿ ಮೈಗೆ ಹತ್ತುತ್ತದೆ. ಒಳಗಿರುವವರು ಯಾರು ಎಂದು ಪೆನ್ಸಿಲ್‌ನಲ್ಲಿ ಚೀಟಿ ಬರೆದು ಸಿಕ್ಕಿಸಿ. ನಮ್ಮಮ್ಮ ಪಟ್ಟದ ಗೊಂಬೆಗಳ ಚೀಟಿಯಲ್ಲಿ “ರಾಜ, ರಾಣಿ: ಜಗಳವಿಲ್ಲ” ಎಂದು ಬರೆದಿಡುತ್ತಿದ್ದರು. ಅಪ್ಪನಿಗೆ ಕೋಪ ಬರುತ್ತಿತ್ತು.

ಟ್ರಂಕು ತೆಗೆದ ದಿನವೇ ಪಕ್ಕದ ರೇಷ್ಮೆ ಸೀರೆಗಳನ್ನೂ ಬಿಚ್ಚಿ ಮಡಿಕೆ ಬದಲಿಸಿ ಇಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಜರಿ ಆ ಗೆರೆಯಲ್ಲೇ ಸೀಳುತ್ತದೆ. ಆಮೇಲೆ ನನ್ನ ಮುಂದೆ ಅಳಬೇಡಿ.

ಹಳೆಯ ಮರದ ಗೊಂಬೆ ಕೊಂಡು ತಂದರೆ ನೇರವಾಗಿ ಉಳಿದವುಗಳ ಜೊತೆ ಸೇರಿಸಬೇಡಿ. ಬೇರೆ ಕೋಣೆಯಲ್ಲಿ ಬಿಳಿ ಕಾಗದದ ಮೇಲೆ ನಿಲ್ಲಿಸಿ, ಒಂದೆರಡು ತಿಂಗಳು ನೋಡಿ. ಸುತ್ತ ರವೆಯಂಥ ಪುಡಿ ಉದುರಿದ್ದರೆ ಒಳಗೆ ಹುಳ ಕುಳಿತಿದೆ ಎಂದೇ ಲೆಕ್ಕ.

ಟೋಪಿ ಕಳೆದುಕೊಂಡ ಜೋಕರ್‌ಗೆ ಕೆಂಪು ಎನಾಮೆಲ್ ಬಳಿಯುತ್ತೇನೆ ಎಂದು ಹುಡುಗಿ ಡಬ್ಬಿ ತಂದಿಟ್ಟಿದ್ದಳು. ಡಬ್ಬಿಯನ್ನು ಅವಳ ಗೇಟಿಗೆ ಬಳಿದುಕೊಳ್ಳಲು ಹೇಳಿ, ಜೋಕರ್‌ನನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಬಂದೆ. ಈಗ ಕಿಳ್ಳೇಕ್ಯಾತನ ಪಕ್ಕದ ಗೂಡಿನಲ್ಲಿ ಬೋಳುತಲೆಯಲ್ಲೇ ನಿಂತಿದ್ದಾನೆ.