ಒಂದು ಖಾಲಿ ದಿನ ಇಟ್ಟುಕೊಂಡು ಹೊರಟೆವು

ಸ್ಟಾಕ್‌ಹೋಮ್‌ಗೆ ಬಂದು ಆರು ಚಳಿಗಾಲ ಕಳೆದ ಮೇಲೆ ನನಗೆ ಸ್ಕೀ ಮೇಲೆ ಬೀಳದೆ ನಿಲ್ಲುವುದು ಬಂತು. ಬಂದ ಕೂಡಲೇ ತಲೆಗೆ ಹುಳ ಹೊಕ್ಕಿತು: ಸ್ವೀಡನ್ನಿನ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದ ಆಚೆ, ಬೆಟ್ಟಗಳ ನಡುವೆ ಸಾಗುವ ಕುಂಗ್ಸ್‌ಲೇಡೆನ್ ದಾರಿಯಲ್ಲಿ ಅಬಿಸ್ಕೊದಿಂದ ನಿಕ್ಕಾಲುವೊಕ್ತಾವರೆಗೆ ಸ್ಕೀಯಲ್ಲೇ ಹೋಗಬೇಕು. ಒಟ್ಟು ಸುಮಾರು 105 ಕಿ.ಮೀ. ಹೆಂಡತಿ ನನಗಿಂತ ಚೆನ್ನಾಗಿ ಸ್ಕೀ ಮಾಡುತ್ತಾಳೆ, ಅವಳು ಒಪ್ಪಿದಳು. ದಾವಣಗೆರೆಯಿಂದ ಅಮ್ಮ ಮಾತ್ರ, "ದುಡ್ಡು ಕೊಟ್ಟು ಚಳಿ ಕೊಂಡ್ಕೊಳ್ತೀರೇನೋ?" ಅಂದರು.

ನನ್ನದು ಸಾಫ್ಟ್‌ವೇರ್ ಬುದ್ಧಿ. ಎಕ್ಸೆಲ್ ಶೀಟ್ ಮಾಡಿದೆ. ದಿನಕ್ಕೆ 21 ಕಿ.ಮೀ., ಐದು ದಿನ, ಮುಗೀತು. ಆ ಕಡೆಯ ಊರಾದ ಕಿರುನಾದಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬನಿಗೆ ತೋರಿಸಿದೆ. ಅವನು ಒಂದು ನಿಮಿಷ ನೋಡಿ, "ಇದರಲ್ಲಿ ಗಾಳಿ ಎಲ್ಲಿದೆ?" ಅಂತ ಕೇಳಿದ.

ಆಗ ನನಗೆ ಅರ್ಥವಾಗಲಿಲ್ಲ. ನಾನು ಹೆದರಿದ್ದು ಚಳಿಗೆ. ಆದರೆ ಅಲ್ಲಿ ಮರಗಳ ಸಾಲು ದಾಟಿದರೆ ಗಾಳಿಯನ್ನು ತಡೆಯುವುದು ಏನೂ ಇಲ್ಲ. ಮೈನಸ್ 10 ಡಿಗ್ರಿ ಇದ್ದು, ಗಾಳಿ ಸೆಕೆಂಡಿಗೆ 15 ಮೀಟರ್ ಬೀಸಿದರೆ ಮೈಗೆ ಮೈನಸ್ 22ರ ಹಾಗೆ ತಾಗುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಹಿಮ ಎದ್ದು ಮುಂದಿನ ಕಂಬವೂ ಕಾಣುವುದಿಲ್ಲ. ಚಳಿಗಾಲದ ದಾರಿಗೆ ಗುರುತೇ ಆ ಕಂಬಗಳು, ಪ್ರತಿಯೊಂದರ ತುದಿಗೂ ಒಂದು ಕೆಂಪು X ಗುರುತು.

ಹಾಗಾಗಿ ಶೀಟ್ ಅಳಿಸಿ, ರಾತ್ರಿ ತಂಗುವ ಗುಡಿಸಲುಗಳ ಲೆಕ್ಕದಲ್ಲಿ ಮತ್ತೆ ಬರೆದೆ. ಈ ದಾರಿಯ ಗುಡಿಸಲುಗಳನ್ನು ಎಸ್‌ಟಿಎಫ್ ಎಂಬ ಪ್ರವಾಸಿ ಸಂಘ ನಡೆಸುತ್ತದೆ. ಅಬಿಸ್ಕೊಯೌರೆಗೆ 15, ಅಲೆಸ್‌ಯೌರೆಗೆ 20, ಶ್ಯಾಕ್ತ್ಯಾಗೆ 13, ಸೆಲ್ಕಾಗೆ 12, ಸಿಂಗಿಗೆ 12, ಕೆಬ್ನೆಕೈಸೆಗೆ 14, ಕೊನೆಗೆ ನಿಕ್ಕಾಲುವೊಕ್ತಾಗೆ 19 ಕಿ.ಮೀ. ಹೀಗೆ ಏಳು ದಿನ, ಜೊತೆಗೆ ಎಲ್ಲೂ ಹೋಗದ ಒಂದು ದಿನ. ರಜೆಯಲ್ಲಿ ಸುಮ್ನೆ ಒಂದು ದಿನ ಹಾಳು ಮಾಡುವುದಾ ಅಂತ ಹೊಟ್ಟೆ ಉರಿಯಿತು.

ತಿಂಗಳು ಏಪ್ರಿಲ್. ಜನವರಿಯಲ್ಲಿ ಅಲ್ಲಿ ಬೆಳಕೇ ಸಾಲದು. ಫೆಬ್ರವರಿ ಹೊಸಬರಿಗೆ ತುಂಬಾ ಚಳಿ. ಏಪ್ರಿಲ್‌ನಲ್ಲಿ ಸಂಜೆ ಎಂಟರವರೆಗೂ ಬೆಳಕಿರುತ್ತದೆ, ತಡವಾದರೂ ಕತ್ತಲೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ ಕಡಿಮೆ. ನಾರ್ದರ್ನ್ ಲೈಟ್ಸ್ ನೋಡಲೇಬೇಕು ಅನ್ನುವವರು ಮಾರ್ಚ್‌ನಲ್ಲಿ ಹೋಗಿ. ಈಸ್ಟರ್ ವಾರ ಮಾತ್ರ ಬೇಡ, ಇಡೀ ಸ್ವೀಡನ್ ಅಲ್ಲೇ ಇರುತ್ತದೆ.

ಸ್ಕೀ, ಬೂಟು ಬಾಡಿಗೆಗೆ ತಂದೆವು. ಉಕ್ಕಿನ ಅಂಚಿರುವ ಬೆಟ್ಟದ ಸ್ಕೀ. ಏರಿನಲ್ಲಿ ಅದರ ಅಡಿಗೆ ಸ್ಕಿನ್ ಎಂಬ ರೋಮದಂಥ ಉದ್ದ ಪಟ್ಟಿ ಅಂಟಿಸಬೇಕು. ಬೆಕ್ಕಿನ ಬೆನ್ನು ಸವರಿದ ಹಾಗೆ, ಮುಂದಕ್ಕೆ ನುಣ್ಣಗೆ ಜಾರುತ್ತದೆ, ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಮೊದಲ ದಿನವೇ ಬಿಚ್ಚಿದ ಸ್ಕಿನ್ ಅನ್ನು ಹಿಮದ ಮೇಲೆ ಇಟ್ಟೆ. ಅಂಟಿಗೆ ಹಿಮ ಮೆತ್ತಿಕೊಂಡು ಮತ್ತೆ ಕೂರಲೇ ಇಲ್ಲ. ಆಮೇಲೆ ಅದನ್ನು ಮಡಚಿ ಜಾಕೆಟ್ ಒಳಗೆ, ಹೊಟ್ಟೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದೆ. ಇನ್ನೊಂದು ಮಾತು: ಹಿಮ್ಮಡಿಗೆ ಬೊಬ್ಬೆ ಬಂದ ಮೇಲೆ ಟೇಪ್ ಹಚ್ಚಿ ಪ್ರಯೋಜನವಿಲ್ಲ, ಹೊರಡುವ ಮುಂಚೆಯೇ ಹಚ್ಚಿ.

ಊಟದ ವಿಷಯಕ್ಕೆ ನಾನು ಪಟ್ಟುಹಿಡಿದೆ. ಶ್ಯಾಕ್ತ್ಯಾದಲ್ಲೂ ಸಿಂಗಿಯಲ್ಲೂ ಅಂಗಡಿ ಇಲ್ಲ. ಬೇರೆ ಗುಡಿಸಲುಗಳಲ್ಲಿ ಸಿಗುವುದು ಪಾಸ್ತಾ, ಡಬ್ಬಿ ಊಟ. ನಾವು ಸಸ್ಯಾಹಾರಿಗಳು. ರವೆ ಹುರಿದು ಒಗ್ಗರಣೆ ಬೆರೆಸಿ ಪೊಟ್ಟಣ ಕಟ್ಟಿದೆವು, ಬಿಸಿನೀರು ಹಾಕಿದರೆ ಉಪ್ಪಿಟ್ಟು. ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ತುಪ್ಪ. ಹೊಟ್ಟೆ ಬೆಚ್ಚಗಿಡಲು ತುಪ್ಪದಂಥದ್ದು ಇನ್ನೊಂದಿಲ್ಲ, ಆದರೆ ಅಲ್ಲಿ ಅದನ್ನು ಚಾಕುವಿನಲ್ಲಿ ಕೆತ್ತಬೇಕು. ಕಡಲೆಕಾಯಿ ಚಿಕ್ಕಿ ಕಲ್ಲಾಗಿಬಿಟ್ಟಿತ್ತು. ಕಡಿಯುವ ಅರ್ಧ ಗಂಟೆ ಮುಂಚೆ ಒಳಜೇಬಿಗೆ ಹಾಕಿಕೊಂಡರೆ ಹಲ್ಲು ಉಳಿಯುತ್ತದೆ.

ಗುಡಿಸಲಲ್ಲಿ ಕರೆಂಟ್ ಇಲ್ಲ, ನಲ್ಲಿ ಇಲ್ಲ. ಸೌದೆ ಒಡೆಯಬೇಕು, ಕೆರೆಯ ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ನೀರು ತುಂಬಬೇಕು. ಹೊರಡುವಾಗ ಮುಂದೆ ಬರುವವರಿಗೂ ಸೌದೆ ನೀರು ಇಟ್ಟು ಹೋಗುವುದು ರೂಢಿ. ಚಿಕ್ಕಂದಿನಲ್ಲಿ ಅಜ್ಜಿ ಮನೆಯ ಬಾವಿಯಲ್ಲಿ ನೀರು ಸೇದಿದ ಕೈ ಇದು. ಆ ಕೆಲಸದಲ್ಲಿ ಮಾತ್ರ ನಾನು ಸ್ವೀಡಿಷರಿಗೆ ಸಮನಾಗಿದ್ದೆ.

ಎರಡನೇ ದಿನ ಸಂಜೆ ಅಲೆಸ್‌ಯೌರೆ ತಲುಪಿದೆವು. ರಾತ್ರಿ ಗೋಡೆಗಳು ಗುಂಯ್‌ಗುಡಲು ಶುರುವಾದವು. ಬೆಳಗ್ಗೆ ಗುಡಿಸಲು ನೋಡಿಕೊಳ್ಳುವಾಕೆ ಹವಾಮಾನದ ಚೀಟಿ ಅಂಟಿಸಿದಳು. ಶ್ಯಾಕ್ತ್ಯಾ ಕಣಿವೆಯಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ಮೀರುತ್ತದಂತೆ. ಮುಂದೆ ದಾಟಬೇಕಿದ್ದ ಕಣಿವೆಬಾಯಿ, ಅಂದರೆ ಬೆಟ್ಟಗಳ ನಡುವೆ ಆಚೆ ಕಣಿವೆಗೆ ದಾಟುವ ಜಾಗ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್, ಈ ದಾರಿಯಲ್ಲೇ ಎತ್ತರದ ಜಾಗ. ವಾಪಸ್ ರೈಲಿನ ದಿನ ಹತ್ತಿರವಾಗಿದ್ದ ಇಬ್ಬರು ಹೊರಟೇಬಿಟ್ಟರು. ಒಂದು ಗಂಟೆಯಲ್ಲಿ ವಾಪಸ್ ಬಂದರು, ಹುಬ್ಬಿನ ಮೇಲೆ ಮಂಜುಗಡ್ಡೆ. ನಾವು ಸೌದೆ ಒಡೆದೆವು, ಮಲಗಿದೆವು, ಸಂಜೆ ಸೌನಾ ಎಂಬ ಬಿಸಿ ಕೋಣೆಯಲ್ಲಿ ಕೂತೆವು. ಹಾಳಾಗುತ್ತದೆ ಅಂದುಕೊಂಡಿದ್ದ ದಿನ ಇಲ್ಲಿ ಖರ್ಚಾಯಿತು.

ಮರುದಿನ ಗಾಳಿ ಇಳಿದಿತ್ತು, ಶ್ಯಾಕ್ತ್ಯಾ ಗುಡಿಸಲಿಗೆ ಹೋದೆವು. ಅದರ ಮರುದಿನ ಕಣಿವೆಬಾಯಿ ದಾಟಿದೆವು. ಆಚೆ ಕಡೆ ಸೆಲ್ಕಾವರೆಗೆ ಬಿಳಿ ಕಣಿವೆ ಉದ್ದಕ್ಕೂ ಬಿದ್ದಿತ್ತು. ಹಿಮಕುಸಿತದ ಮುನ್ಸೂಚನೆಯನ್ನು ಅಬಿಸ್ಕೊದಲ್ಲೇ ಓದಿಕೊಂಡಿದ್ದೆವು. ಕಡಿದಾದ ಇಳಿಜಾರುಗಳ ಬುಡಕ್ಕೆ ಹೋಗದೆ ಕಣಿವೆಯ ನಡುವೆಯೇ ಸಾಗಿದೆವು. ಮಾತಾಡುವ ಮನಸ್ಸು ಇಬ್ಬರಿಗೂ ಬರಲಿಲ್ಲ. ಕೆಬ್ನೆಕೈಸೆಯ ದೊಡ್ಡ ತಂಗುದಾಣದಲ್ಲಿ ಬಿಸಿನೀರಿನ ಸ್ನಾನ ಸಿಕ್ಕಿದಾಗ ಮಾತು ವಾಪಸ್ ಬಂತು.

ಹೆಚ್ಚಿನ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಅದಕ್ಕೇ ಹೊರಡುವ ಮುಂಚೆ ಆ ಸಹೋದ್ಯೋಗಿಗೆ ನಮ್ಮ ದಾರಿ ಬರೆದು ಕೊಟ್ಟಿದ್ದೆ: ಭಾನುವಾರ ರಾತ್ರಿಯೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡು. ಭಾನುವಾರ ಸಂಜೆ ನಿಕ್ಕಾಲುವೊಕ್ತಾದಲ್ಲಿ ಕಿರುನಾ ಬಸ್ಸಿಗೆ ಕಾಯುತ್ತಾ ಫೋನ್ ಮಾಡಿದೆ.

"ಗಾಳಿ ಸಿಕ್ತಾ?" ಅಂದ.

"ಪೂರ್ತಿ ಒಂದು ದಿನ," ಅಂದೆ.