ಟ್ರಾನ್ಸ್‌ಪಾಂಡರ್ ತಪ್ಪು ಗುರುತು ಹೇಳುತ್ತಿದೆಯಾ? ಮೊದಲು ಡಬ್ಬಕ್ಕೆ ಕೈ ಹಾಕಬೇಡಿ
ನಿಮ್ಮ ವಿಮಾನ ರಾಡಾರ್‌ನಲ್ಲಿ ಬೇರೆ ಯಾರದ್ದೋ ಹೆಸರಲ್ಲಿ ಕಾಣುತ್ತಿದೆ ಅಂತ ಎಟಿಸಿಯಿಂದ (ವಿಮಾನ ಸಂಚಾರ ನಿಯಂತ್ರಣದಿಂದ) ದೂರು ಬಂದರೆ, ಎಲ್ಲರೂ ಮಾಡುವ ಮೊದಲ ಕೆಲಸ ರಾಡಾರ್‌ಗೆ ಗುರುತು ಹೇಳುವ ಡಬ್ಬ, ಅಂದರೆ ಟ್ರಾನ್ಸ್‌ಪಾಂಡರ್ ಬದಲಾಯಿಸುವುದು. ತಡೆಯಿರಿ. ತಪ್ಪಾಗಿರುವುದು ಯಾವ ಗುರುತು? ವಿಮಾನ ಹೇಳುವುದು ಒಂದಲ್ಲ, ಮೂರು.

ಸ್ಕ್ವಾಕ್ ಕೋಡ್ ಆದರೆ ತಲೆನೋವಿಲ್ಲ. ಎಟಿಸಿ ಕೊಟ್ಟ ನಾಲ್ಕಂಕಿ, ಪೈಲಟ್ ಮತ್ತೆ ಸರಿಯಾಗಿ ಒತ್ತಿದರೆ ಮುಗಿಯಿತು.

ಎರಡನೆಯದು ಫ್ಲೈಟ್ ಐಡಿ, ಅಂದರೆ ಆ ಹಾರಾಟದ ಹೆಸರು. ಹೆಚ್ಚೆಂದರೆ 8 ಅಕ್ಷರ. ಫ್ಲೈಟ್ ಪ್ಲಾನ್‌ನ 7ನೇ ಕಲಂನಲ್ಲಿ ಏನಿದೆಯೋ ಅದೇ ಇಲ್ಲೂ ಇರಬೇಕು. ಇಂಡಿಗೊ ಟಿಕೆಟ್‌ನಲ್ಲಿ 6ಇ ಅಂತಿದ್ದರೂ ಇಲ್ಲಿ ಐಜಿಒ, ಏರ್ ಇಂಡಿಯಾಕ್ಕೆ ಎಐಸಿ. ಖಾಸಗಿ ವಿಮಾನವಾದರೆ ನೋಂದಣಿ ಸಂಖ್ಯೆಯೇ, ಆದರೆ ಭಾರತದ ಗುರುತಾದ ವಿಟಿ ಆದ ಮೇಲೆ ಬಾಲದಲ್ಲಿರುವ ಅಡ್ಡಗೆರೆ ಬೇಡ. ಸೊನ್ನೆ ಬದಲು ಓ ಒತ್ತಿದ್ದಾರಾ ಅಂತಲೂ ನೋಡಿ, ಅದೇ ಜಾಸ್ತಿ.

ನಿಜವಾದ ಗೋಳು ಮೂರನೆಯದು, 24 ಬಿಟ್ ಅಡ್ರೆಸ್, ಅಂದರೆ 24 ಸೊನ್ನೆ-ಒಂದುಗಳ ಸಾಲು. ಇದು ನೋಂದಣಿಯ ಜೊತೆ ಸಿಗುವ ನಂಬರು, ನೋಂದಣಿ ಬದಲಾದರೆ ಇದೂ ಬದಲಾಗಬೇಕು. ಭಾರತದ್ದಾದರೆ ಹೆಕ್ಸ್‌ನಲ್ಲಿ (0ರಿಂದ 9, ಆಮೇಲೆ ಎಯಿಂದ ಎಫ್ ಬಳಸುವ ಎಣಿಕೆ) 80, 81, 82 ಇಲ್ಲವೇ 83ರಿಂದ ಶುರು. ಕೆಲವು ಡಬ್ಬಗಳು ಇದನ್ನೇ ಆಕ್ಟಲ್‌ನಲ್ಲಿ (0ರಿಂದ 7ರ ಅಂಕಿಗಳಷ್ಟೇ ಇರುವ ಎಣಿಕೆ) ಕೇಳುತ್ತವೆ. ಆಗ 8 ಅಂಕಿ ಇರುತ್ತದೆ, ಭಾರತದ್ದು 40ರಿಂದಲೇ ಶುರುವಾಗಬೇಕು. ಆಗಲಿಲ್ಲವಾ, ಲೆಕ್ಕ ತಪ್ಪಿದೆ.

ನಾವೊಮ್ಮೆ ಅಮೆರಿಕದಿಂದ ಬಂದ ಹಳೆಯ ವಿಮಾನದಲ್ಲಿ ಎರಡು ದಿನ ಒದ್ದಾಡಿದೆವು. ವಿಟಿ ಬಣ್ಣ ಬಳಿದಾಗಿತ್ತು, ವೈರಿಂಗ್ ಬದಲಾಯಿಸಿದ್ದೇವೆ ಅಂತ ಕಾಗದವೂ ಇತ್ತು, ಆದರೂ ಟೆಸ್ಟರ್ ತೋರಿಸುತ್ತಿದ್ದ ಅಡ್ರೆಸ್ ಎ ಅಕ್ಷರದಿಂದ ಶುರು, ಅಂದರೆ ಅಮೆರಿಕದ್ದು. ಡಬ್ಬ ಬದಲಾಯಿಸಿದೆವು. ಅದೇ ಕಥೆ! ಯಾಕೆಂದರೆ ಆ ವಿಮಾನದಲ್ಲಿ ಅಡ್ರೆಸ್ ಇರುವುದು ಡಬ್ಬದೊಳಗಲ್ಲ, ಅದು ಕೂರುವ ಟ್ರೇಯ ಹಿಂದಿನ ಕನೆಕ್ಟರ್‌ನಲ್ಲಿ. 24 ಪಿನ್. ಗ್ರೌಂಡ್ ಮಾಡಿದರೆ 1, ಬಿಟ್ಟರೆ 0. ಹೆಕ್ಸ್‌ನ 8 ಅಂದರೆ 1000, ಎ ಅಂದರೆ 1010. ಮೂರನೇ ಪಿನ್ನಿನ ಹಳೆಯ ಜಂಪರ್, ಅಂದರೆ ಗ್ರೌಂಡ್‌ಗೆ ಜೋಡಿಸುವ ತುಂಡು ವೈರು, ತೆಗೆಯಲು ಯಾರೋ ಮರೆತಿದ್ದರು, ಅಷ್ಟೇ. ಒಂದು ಗೇಣೂ ಇಲ್ಲದ ವೈರು!

ಆದ್ದರಿಂದ ಅಡ್ರೆಸ್ ಎಲ್ಲಿ ಕೂತಿದೆ ಅಂತ ಇನ್‌ಸ್ಟಾಲೇಶನ್ ಮ್ಯಾನುಯಲ್ ನೋಡಿ. ಪಿನ್‌ಗಳಲ್ಲಿದ್ದರೆ ಮೀಟರ್ ಹಿಡಿದು 24 ಪಿನ್ನನ್ನೂ ಒಂದೊಂದಾಗಿ ಗ್ರೌಂಡ್‌ಗೆ ಅಳೆದು ಬರೆದುಕೊಳ್ಳಿ, ನಾಲ್ಕು ನಾಲ್ಕಾಗಿ ಗುಂಪು ಮಾಡಿ ಹೆಕ್ಸ್ ಓದಿ, ನೋಂದಣಿ ಕಾಗದದ ಜೊತೆ ಹೋಲಿಸಿ. ಡಬ್ಬದ ಮೆಮೊರಿಯಲ್ಲಿದ್ದರೆ ಕಾನ್ಫಿಗರೇಶನ್ ಪುಟದಲ್ಲಿ ತಿದ್ದಿದರೆ ಸಾಕು. ಆದರೆ ಆ ಡಬ್ಬವನ್ನು ಬೇರೆ ವಿಮಾನಕ್ಕೆ ಹಾಕಿದರೆ ಅಡ್ರೆಸ್ಸೂ ಜೊತೆಗೆ ಹೋಗುತ್ತದೆ, ನೆನಪಿರಲಿ. ಕೆಲಸ ಲೈಸೆನ್ಸ್ ಇರುವ ಎಂಜಿನಿಯರ್‌ದೇ.

ಇಷ್ಟೊಂದು ಯಾಕೆ ಅಂದರೆ, ಎರಡು ವಿಮಾನಕ್ಕೆ ಒಂದೇ ಅಡ್ರೆಸ್ ಇದ್ದರೆ ಡಿಕ್ಕಿ ತಪ್ಪಿಸುವ ಟಿಸಿಎಎಸ್ ಎದುರಿನದನ್ನು ತಾನೇ ಅಂದುಕೊಂಡು ಸುಮ್ನೆ ಬಿಟ್ಟುಬಿಡಬಹುದು.

ಕೊನೆಗೆ ರ್‍ಯಾಂಪ್ ಟೆಸ್ಟರ್‌ನಲ್ಲಿ ನೋಡಿ. ಆಂಟೆನಾಗೆ ಕಪ್ಲರ್ (ಸಿಗ್ನಲ್ ಹೊರಗೆ ಹೋಗದಂತೆ ಮುಚ್ಚುವ ಟೋಪಿ) ಹಾಕಿಯೇ ನೋಡಿ, ಇಲ್ಲದಿದ್ದರೆ ಹ್ಯಾಂಗರ್‌ನಲ್ಲಿ ನೀವು ಹಾಕಿದ ಸುಳ್ಳು ಎತ್ತರ ಮೇಲೆ ಹಾರುವವರಿಗೂ ಕೇಳಿಸುತ್ತದೆ. ನೆಟ್‌ನಲ್ಲಿ ವಿಮಾನ ತೋರಿಸುವ ಸೈಟುಗಳಲ್ಲಿ ಬರುವ ವಿಮಾನದ ಹೆಸರು ನಂಬಬೇಡಿ, ಅದು ಅವರ ಪಟ್ಟಿಯಿಂದ ಬಂದದ್ದು. ಹೆಕ್ಸ್ ಮಾತ್ರ ನೋಡಿ. ಎರಡು ಟ್ರಾನ್ಸ್‌ಪಾಂಡರ್ ಇದ್ದರೆ ಎರಡನ್ನೂ ಬೇರೆಬೇರೆಯಾಗಿ ನೋಡಿ. ನಮ್ಮ ಆ ವಿಮಾನದಲ್ಲಿ ಎರಡನೆಯದಕ್ಕೂ ಅದೇ ಮೂರನೇ ಪಿನ್ ಜಂಪರ್ ಹಾಗೇ ಇತ್ತು.